ಬಾಗಿಲು ತೆರೆಯುವಷ್ಟು ಹೊತ್ತು

ಎರಡು ಸಾವಿರದ ಮೂರನೆಯ ಇಸವಿ, ಫೆಬ್ರುವರಿ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸೇಡಂನ ನನ್ನ ಮನೆಯ ಪಡಸಾಲೆಯಲ್ಲಿ ಇದ್ದವರು ಇಬ್ಬರೇ: ನಾನು ಮತ್ತು ನನ್ನ ತಂಗಿ. ಆಕೆಯ ಊರು ಕುರಕುಂಟಾ. ಕಣ್ಣಿನ ಆಪರೇಷನ್ನಿಗೆಂದು ನನ್ನ ಬಳಿ ಬಂದವಳು ಚಳಿಗಾಲವನ್ನೆಲ್ಲ ಇಲ್ಲೇ ಕಳೆದಿದ್ದಳು. ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ಮೊದಲು ಬಲಗಣ್ಣಿನ ಪೊರೆ ತೆಗೆಯುವುದೆಂದು, ಮರುದಿನ ಬೆಳಿಗ್ಗೆ ಗುಲಬರ್ಗಾದ ಆಸ್ಪತ್ರೆಗೆ ಬರಬೇಕೆಂದು ಡಾಕ್ಟರರು ಹೇಳಿದ್ದರು. ಹಿಂದೆ ಎರಡು ಸಲ ದಿನ ಗೊತ್ತಾಗಿ, ಎರಡು ಸಲವೂ ಆಕೆ ತಪ್ಪಿಸಿಕೊಂಡಿದ್ದಳು. ಒಮ್ಮೆ ನೆಗಡಿ, ಒಮ್ಮೆ ಅಮಾವಾಸ್ಯೆ. ಈ ಸಲ ಆಕೆಗೆ ಸಿಕ್ಕಿದ್ದ ನೆವ ಒಂದು ವಿಡಿಯೊ ಗೇಮ್.

"ಆಟ ಮುಗೀಲಿ ಅಕ್ಕಾ, ಆಮ್ಯಾಲ ಎಲ್ಲಿಗೆ ಅಂದ್ರ ಅಲ್ಲಿಗೆ ಬರ್ತೀನಿ. ಅರ್ಧಾ ಬಿಟ್ಟು ಬರಾಂಗಿಲ್ಲ."

ನಾನು ಆಕೆಯ ಬಲಗಣ್ಣಿಗೆ ಬೆಳಗಿನ ಔಷಧ ಹಾಕುತ್ತ, "ಹಂಗಾದ್ರ ಇವತ್ತೇ ಮುಗಿಸು. ಸಂಜಿ ಏಳರ ತನಕ ಟೈಮ್ ಅದ" ಎಂದೆ.

ಹೊತ್ತು ಹೊತ್ತಿಗೆ ಔಷಧ, ಹೊತ್ತು ಹೊತ್ತಿಗೆ ಜ್ವರ ನೋಡುವುದು, ಪಾಳಿ ಮುಗಿಸುವಾಗ ಮುಂದಿನವರಿಗೆ ಒಂದೊಂದು ಮಂಚದ ಲೆಕ್ಕ ಒಪ್ಪಿಸುವುದು: ಇದೇ ನನ್ನ ನೌಕರಿಯಾಗಿತ್ತು. ನಾನು ನರ್ಸ್. ನಿವೃತ್ತಿಯಾದ ಮೇಲೂ ಕೈಕಾಲು ಅದೇ ಗಡಿಯಾರಕ್ಕೆ ಏಳುತ್ತಿದ್ದವು, ಕೂರುತ್ತಿದ್ದವು. ಅಂಥ ಮನೆಗೆ ಈ ಆಟ ಬಂದದ್ದು ನನ್ನ ಮಗಳಿಂದ. ಅವಳು ವಾಡಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ದೀಪಾವಳಿಗೆ ಬಂದಾಗ ಟಿ.ವಿ.ಗೆ ಜೋಡಿಸಿ ಆಡುವ ಪೆಟ್ಟಿಗೆಯೊಂದನ್ನು ತಂದು, ಚಿಕ್ಕಮ್ಮನಿಗೆ ಹೊತ್ತು ಹೋಗಲಿ ಎಂದು ಬಿಟ್ಟು ಹೋದಳು. ಕಾರು ಓಡಿಸುವ ಆಟ ತಂಗಿಗೆ ಬರಲಿಲ್ಲ, ರಸ್ತೆಯೇ ಕಾಣುತ್ತಿರಲಿಲ್ಲ. ಉಳಿದದ್ದು ಅಂಜಿಸುವ ಆಟವೊಂದು. ಅದು ಹಳೆಯದು, ಹುಡುಗರ ನಡುವೆ ಭಾಳ ಹೆಸರು ಮಾಡಿದ್ದು ಎಂದು ಮಗಳು ಹೇಳಿದ್ದಳು. ಅದರಲ್ಲಿ ಎಲ್ಲವೂ ಕತ್ತಲೆ, ಮಂಜು. ಆಡುವವರಿಗೂ ಏನೂ ಕಾಣುವುದಿಲ್ಲ.

"ಇದು ಬರೋಬ್ಬರಿ ನನ್ನ ಕಣ್ಣಿನಂಗ ಅದ" ಎಂದು ತಂಗಿ ಅದನ್ನೇ ಹಿಡಿದು ಕುಳಿತಳು.

ಆಟದಲ್ಲಿ ಗುಡ್ಡದ ಮೇಲೊಂದು ಪಾಳು ಆಸ್ಪತ್ರೆ. ಅಪ್ಪನನ್ನು ನೋಡಲು ಬಂದ ಹುಡುಗಿಯೊಬ್ಬಳು ಒಳಗೆ ಸಿಕ್ಕಿಬೀಳುತ್ತಾಳೆ. ವಾರ್ಡುಗಳಲ್ಲಿ ಮನುಷ್ಯರಿಲ್ಲ, ಮನುಷ್ಯರ ಹಾಗೆ ನಡೆಯುವ ಏನೋ ಇವೆ. ಅವಳ ಬಳಿ ಒಂದು ಪಿಸ್ತೂಲು, ಅದಕ್ಕೆ ಬೆರಳೆಣಿಕೆಯ ಗುಂಡು. ಎಲ್ಲರನ್ನೂ ಹೊಡೆಯುತ್ತ ಹೋದರೆ ಮುಂದೆ ಕೈ ಖಾಲಿ. ಆದ್ದರಿಂದ ಓಡಬೇಕು, ಅಡಗಬೇಕು, ನಿಂತು ಕಿವಿಗೊಟ್ಟು ಕೇಳಬೇಕು. ಆಟದ ದೊಡ್ಡ ಗುಣ ಈ ಕೇಳುವಿಕೆಯೇ. ಹಲಗೆಯ ಮೇಲೆ ಹೆಜ್ಜೆಗೆ ಒಂದು ಸಪ್ಪಳ, ಕಲ್ಲಿನ ಮೇಲೆ ಇನ್ನೊಂದು. ಶಹಾಬಾದದ ಫರ್ಸಿ ಕಲ್ಲು ಹಾಸಿದ ಮನೆಯಲ್ಲಿ ಹುಟ್ಟಿ ಬೆಳೆದ ತಂಗಿಗೆ ಇದು ಹೇಳಿಕೊಡಬೇಕಾದ ವಿದ್ಯೆಯೇ ಅಲ್ಲ. ಯಾರು ಬರಿಗಾಲಲ್ಲಿ ಬಂದರು, ಯಾರು ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿದರು ಎಂಬುದನ್ನು ಆಕೆ ಹಿತ್ತಲಿನಿಂದಲೇ ಹೇಳುತ್ತಿದ್ದಳು.

"ಅಕ್ಕಾ, ಗಪ್ ಕೂಡು. ಸಪ್ಪಳ ಕೇಳಸವಲ್ದು. ಇಂವ ಫರ್ಸಿ ಮ್ಯಾಲ ಬರಾಕತ್ತಾನ, ಇನ್ನಾ ದೂರ ಅದಾನ."

ಇಂಗ್ಲಿಷಿನಲ್ಲಿ ಬರುವ ಚೀಟಿಗಳನ್ನು ಓದಿ ಹೇಳುವುದು ನನ್ನ ಪಾಲು. ಹಾಗಾಗಿ ಅದರ ಐಬುಗಳೆಲ್ಲ ನನಗೇ ಮೊದಲು ಕಂಡವು. ಹುಡುಗಿ ತಿರುಗುವುದು ಟ್ರ್ಯಾಕ್ಟರ್ ತಿರುಗಿದ ಹಾಗೆ: ನಿಂತಲ್ಲೇ ಸುತ್ತಿ, ಆಮೇಲೆ ಮುಂದೆ. ಚಿತ್ರವನ್ನು ಮೂಲೆಯಿಂದ ತೋರಿಸುತ್ತಾರೆ, ಎದುರಿಗೆ ಬರುವವನು ನಮಗೆ ಕಾಣುವುದಿಲ್ಲ. ಆದರೆ ಆ ಹುಡುಗಿಗೆ ಕಾಣಬೇಕಲ್ಲ? ಚೀಲದಲ್ಲಿ ಸ್ವಲ್ಪವೇ ಸಾಮಾನು ಹಿಡಿಯುತ್ತದೆ. ಬೇಡವಾದದ್ದನ್ನು ಅಲ್ಲೇ ಕಿಟಕಿಯಲ್ಲಿಟ್ಟು ಹೋಗಲು ಬಿಡುವುದಿಲ್ಲ, ಯಾವುದೋ ದೂರದ ಖೋಲಿಯ ಪೆಟ್ಟಿಗೆಗೇ ಹೋಗಿ ಇಡಬೇಕು. ಎಲ್ಲಕ್ಕಿಂತ ನನಗೆ ಸಹಿಸಲಾಗದ್ದು ಆ ಆಸ್ಪತ್ರೆ. ಮಂಚಕ್ಕೆ ನಂಬರಿಲ್ಲ. ಔಷಧದ ಬಾಟಲಿಗಳು ಸಿಕ್ಕ ಸಿಕ್ಕ ಡ್ರಾದಲ್ಲಿ, ಕೆಲವು ಸಂಡಾಸದಲ್ಲಿ.

"ಇದ್ಯಾವ ದವಾಖಾನಿ? ಇಲ್ಲಿ ಸಿಸ್ಟರ್ ಯಾರು?" ಎಂದರೆ ತಂಗಿ ತಿರುಗಿಯೂ ನೋಡುತ್ತಿರಲಿಲ್ಲ.

"ಎಲ್ಲಾ ಕಡೆ ಹೋಗಿ ನರ್ಸಬಾಯಿ ಆಗಬ್ಯಾಡ. ಆಕಿ ಜೀವಾ ಉಳಿಸ್ಕೋಬೇಕೋ, ವಾರ್ಡ್ ಕಸಾ ಹೊಡೀಬೇಕೋ?"

ಆಟವನ್ನು ಅಲ್ಲಿಗೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಹಿಡಿಯಬೇಕಾದರೆ, ಗೋಡೆ ಗಡಿಯಾರವಿರುವ ಖೋಲಿಗೆ ಹೋಗಿ ಅದಕ್ಕೆ ಚಾವಿ ಕೊಡಬೇಕು. ಒಂದು ಚಾವಿ ಒಂದೇ ಸಲಕ್ಕೆ, ಚಾವಿಗಳೂ ಕಡಿಮೆ. ತಂಗಿ ಅವನ್ನು ಉಪ್ಪಿನಕಾಯಿಯ ಹಾಗೆ ಉಳಿಸುತ್ತಿದ್ದಳು. ಆ ಬೆಳಿಗ್ಗೆ ಒಮ್ಮೆ ಚಾವಿ ಕೊಟ್ಟಳು. ಆಮೇಲೆ ಕೈಯಲ್ಲಿ ಉಳಿದದ್ದು ಕಡೆಯದೊಂದು. ಅದನ್ನು ಮುಟ್ಟಬಾರದೆಂದು ಹಟ ಹಿಡಿದಳು.

ನಾನು ಒಳಗೂ ಹೊರಗೂ ತಿರುಗುತ್ತಲೇ ಇದ್ದೆ. ಬ್ಯಾಗಿಗೆ ಸೀರೆ ಮಡಿಸಿಟ್ಟು, ಮತ್ತೆ ತೆಗೆದು, ಬೇರೆ ಸೀರೆ ಮಡಿಸಿಟ್ಟೆ. ಹನ್ನೊಂದಕ್ಕೆ ಔಷಧ ಹಾಕಿದೆ. ಊಟ ಬಡಿಸಿದರೆ ಆಕೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡಳು. ಆ ವಾರದಲ್ಲಿ ಕರೆಂಟ್ ಮೂರಕ್ಕೆ ಹೋಗಿ ಐದಕ್ಕೆ ಬರುತ್ತಿತ್ತು. ನಾನು ಆ ಲೆಕ್ಕದ ಮೇಲೇ ಧೈರ್ಯವಾಗಿದ್ದೆ.

"ಮೂರರೊಳಗ ಚಾವಿ ಕೊಟ್ಟುಬಿಡು."

"ಕೊಡ್ತೀನಿ, ಇದೊಂದು ಕಾರಿಡಾರ್ ದಾಟ್ಲಿ."

ಎರಡೂವರೆಗೇ ಕರೆಂಟ್ ಹೋಯಿತು. ಟಿ.ವಿ. ನಡುವೆ ಒಂದು ಬಿಳಿ ಚುಕ್ಕೆ ಉಳಿದು, ಅದೂ ಆರಿತು. ಬೆಳಿಗ್ಗೆ ಚಾವಿ ಕೊಟ್ಟ ಮೇಲೆ ದಾಟಿದ್ದೆಲ್ಲ ಹೋಗಿತ್ತು. ತಂಗಿ ಆಟದ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟಳು. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿ ನಾನು ಎದ್ದು ತಿರುಗಾಡತೊಡಗಿದೆ.

"ಆತು ಬಿಡು. ಆಟನೂ ಹೋತು, ಆಪರೇಷನ್ನೂ ಹೋತು. ನಿನ್ನ ಮಗಳಿಗೆ ಫೋನ್ ಮಾಡಿ ಗುಲಬರ್ಗಾಕ್ಕ ಬರಬ್ಯಾಡಂತ ಹೇಳು."

"ಮೂರನೇ ಸಲ ಇದು. ಇನ್ನ ಎಷ್ಟು ದಿವಸ ಹಿಂಗ ಗ್ವಾಡಿ ಹಿಡಕೊಂಡು ಅಡ್ಡಾಡ್ತಿ?"

ಫ್ಯಾನು ನಿಂತ ಮನೆಯಲ್ಲಿ ನನ್ನದೇ ಹೆಜ್ಜೆಯ ಸಪ್ಪಳ ನನಗೆ ಕೇಳಿಸುತ್ತಿತ್ತು.

"ಕುಂದ್ರು ಅಕ್ಕಾ, ಅಡ್ಡಾಡಬ್ಯಾಡ. ಕೊಯ್ಯದ್ರಾಗ ನನಗ ಅಂಜಿಕಿ ಇಲ್ಲ. ಆ ಆಪರೇಷನ್ ಖೋಲಿ ಬಾಗಲಾ ಅದಲ್ಲ, ಅದರದು ಅಂಜಿಕಿ. ನಮ್ಮನಿಯವರಿಗಿ ಹರ್ನಿಯಾ ಕೊಯ್ದಾಗ ನಾ ಹೊರಗ ಕುಂತಿದ್ದೆ. ಒಳಗ ಒಯ್ದ್ರು, ಬಾಗಲಾ ಮುಚ್ಚಿದ್ರು. ಎಷ್ಟೊತ್ತಾದ್ರೂ ತೆರೀಲಿಲ್ಲ. ಯಾರೂ ಏನೂ ಹೇಳಲಿಲ್ಲ. ಅವರು ಆರಾಮಾಗೇ ಬಂದ್ರು, ಆಮ್ಯಾಲ ಹೊಲಾನೂ ಮಾಡಿದ್ರು. ಆದ್ರ ಆ ಹೊತ್ತು ನನ್ನ ಹೊಟ್ಟ್ಯಾಗಿಂದ ಇನ್ನಾ ಹೋಗಿಲ್ಲ."

ಆಟದಲ್ಲಿಯೂ ಆಕೆ ಬಾಗಿಲುಗಳಿಗೇ ಅಂಜುತ್ತಿದ್ದುದು ಆಗ ನನಗೆ ಹೊಳೆಯಿತು. ಪ್ರತಿ ಖೋಲಿಗೂ ಹೋಗುವ ಮುಂಚೆ ಪರದೆ ಕಪ್ಪಾಗಿ, ಬರೀ ಒಂದು ಬಾಗಿಲು ಕಾಣಿಸಿಕೊಂಡು, ಕಿರ್ರೆಂದು ನಿಧಾನಕ್ಕೆ ತೆರೆಯುತ್ತದೆ. ಆಕೆ ಅಷ್ಟು ಹೊತ್ತೂ ಉಸಿರು ಬಿಗಿಹಿಡಿಯುತ್ತಿದ್ದಳು. ಅದು ಯಾಕೆ ಅಷ್ಟು ನಿಧಾನವೆಂದು ನಾನು ಮಗಳನ್ನು ಕೇಳಿದ್ದೆ. ಯಂತ್ರ ಸಾವಕಾಶದ್ದು, ಮುಂದಿನ ಖೋಲಿಯನ್ನು ಡಿಸ್ಕಿನಿಂದ ಓದಿಕೊಳ್ಳಲು ಅದಕ್ಕೆ ಹೊತ್ತು ಬೇಕು, ಆ ಹೊತ್ತನ್ನು ಮರೆಸಲು ಬಾಗಿಲು ತೋರಿಸುತ್ತಾರೆ ಎಂದಿದ್ದಳು. ಐಬು ಯಂತ್ರದ್ದು, ಅಂಜಿಕೆ ನಮ್ಮದು. ಆ ಆಟದಲ್ಲಿ ಇದಕ್ಕಿಂತ ಜಾಣತನದ ಕೆಲಸ ನಾನು ಕಾಣೆ.

ತಂಗಿಗೆ ಇದನ್ನು ಹೇಳಿದೆ. ಆಮೇಲೆ ಇನ್ನೊಂದು ಮಾತನ್ನೂ ಹೇಳಿದೆ. ಆಕೆಯ ಗಂಡನನ್ನು ಕೊಯ್ದ ಆ ಸಣ್ಣ ಆಸ್ಪತ್ರೆಯಲ್ಲಿ ಅಂದು ಬಾಗಿಲ ಒಳಗಡೆ ಇದ್ದವಳು ನಾನೇ; ಒಳಗೆ ನಡೆದದ್ದನ್ನು ಆಕೆ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಅವತ್ತು ಒಳಗ ಏನಾಗಿತ್ತು ಗೊತ್ತದೇನು? ಕತ್ತರಿ ಚಿಮಟಾ ಕುದಿಸೋ ಸ್ಟೋದ ತೂತು ಕಟ್ಟಿತ್ತು. ಅದಕ್ಕ ಹಾಕೋ ಪಿನ್ನು ಸಿಗಲಿಲ್ಲ. ನಿಮ್ಮ ಮನಿಯವರು ಮಂಚದ ಮ್ಯಾಲ ಮಲ್ಕೊಂಡು ಡಾಕ್ಟರ್ ಸಂಗಾಟ ತೊಗರಿ ಧಾರಣಿ ಮಾತಾಡಾಕತ್ತಿದ್ರು. ನಾವೆಲ್ಲಾ ನೆಲದ ಮ್ಯಾಲ ಬಗ್ಗಿ ಪಿನ್ನು ಹುಡುಕಾಕತ್ತಿದ್ವಿ."

ತಂಗಿ ನನ್ನ ದನಿ ಬಂದ ಕಡೆಗೆ ತಿರುಗಿದಳು.

"ಸ್ಟೋ ಪಿನ್ನೇನು?"

"ಸ್ಟೋ ಪಿನ್ನು."

"ನಾ ಅಲ್ಲೇ ಕುಂತು ಸನ್ನತಿ ಅವ್ವಗ ಹರಕಿ ಹೊತ್ತೀನಿ. ಜರದ ಸೀರಿ ಉಡಿಸೀನಿ. ಒಂದು ಪಿನ್ನಿನ ಸಲುವಾಗಿ?"

"ಪಿನ್ನು ಸಿಕ್ಕಿತಲ್ಲ. ಅವ್ವನ ದಯಾನೇ ಅನ್ನು."

ಆಕೆ ನಗಲು ಶುರು ಮಾಡಿದಳು. ಮೊದಲು ಮೂಗಿನಲ್ಲಿ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು. ಔಷಧ ಹಾಕಿದ ಕಣ್ಣು ಒರೆಸಿಕೊಳ್ಳಬೇಡವೆಂದು ನಾನು ಕೈ ಹಿಡಿಯಬೇಕಾಯಿತು. ಆದರೂ ನಾಳೆ ಬರುತ್ತೇನೆ ಎಂಬ ಮಾತು ಬಾಯಿಂದ ಬರಲಿಲ್ಲ.

ಐದಕ್ಕೆ ಕರೆಂಟ್ ಬಂತು. "ಏಳು, ಟಿ.ವಿ. ಹಚ್ಚು" ಎಂದಳು. ಬೆಳಿಗ್ಗೆ ಚಾವಿ ಕೊಟ್ಟಲ್ಲಿಂದ ಮತ್ತೆ ಹಿಡಿದಳು. ಹಾದಿ ಗೊತ್ತಿದ್ದರಿಂದ ಬೇಗ ಸಾಗಿತು. ಪ್ರತಿ ಬಾಗಿಲು ಕಿರ್ರೆಂದಾಗಲೂ, "ಪಿನ್ನು ಹುಡುಕಾಕತ್ತಾರ, ಜರಾ ತಡಿ" ಎನ್ನುತ್ತಿದ್ದಳು. ಮಧ್ಯಾಹ್ನ ಕರೆಂಟ್ ಕೈಕೊಟ್ಟ ಕಾರಿಡಾರ್ ದಾಟಿದಳು. ಕಡೆಯ ಖೋಲಿಗೆ ಮುಂಚಿನ ಗಡಿಯಾರಕ್ಕೆ, ಉಳಿಸಿಟ್ಟಿದ್ದ ಚಾವಿಯನ್ನು ನಾನು ಹೇಳುವ ಮೊದಲೇ ಕೊಟ್ಟಳು.

ಆಟದ ಮುಕ್ತಾಯ ಸಪ್ಪೆ. ಇಷ್ಟು ದಿನ ಹೆದರಿಸಿದ್ದು ಕಡೆಯಲ್ಲಿ ದೊಡ್ಡದೊಂದು ಗೊಂಬೆಯಾಗಿ ಎದ್ದು ನಿಲ್ಲುತ್ತದೆ. ಕಾಣಿಸಿಕೊಂಡ ಕೂಡಲೇ ಅದರ ಅಂಜಿಕೆ ಹೋಗುತ್ತದೆ. ಜೋಪಾನ ಮಾಡಿದ್ದ ಗುಂಡುಗಳಲ್ಲಿ ಅರ್ಧ ಹಾಗೇ ಉಳಿದವು. ಗೊಂಬೆ ಬಿದ್ದ ಮೇಲೆ ಹೊರಬಾಗಿಲು ತೆರೆದು, ಹುಡುಗಿ ಬೆಳಗಿನ ಬಿಸಿಲಿಗೆ ಬಂದು ನಿಂತಳು. ಪರದೆಯ ತುಂಬ ಬೆಳಕು. ಅದೇ ಮೊದಲ ಸಲ ಅವಳ ಮುಖವನ್ನು ಎದುರಿನಿಂದ ತೋರಿಸಿದರು.

ತಂಗಿ ಟಿ.ವಿ.ಯ ಹತ್ತಿರ ಹತ್ತಿರಕ್ಕೆ ಸರಿದಳು. ಕತ್ತಲೆಯನ್ನೆಲ್ಲ ಕಿವಿಯಿಂದ ದಾಟಿದವಳಿಗೆ ಆ ಬೆಳಕಿನಲ್ಲಿ ಏನೂ ಸಿಗಲಿಲ್ಲ.

"ಬರೇ ಬೆಳ್ಳಗದ. ಹೊರಗ ಬಂದಾಳೇನು ಆಕಿ?"

"ಬಂದಾಳ."

"ಮುಖಾ ಕಾಣಸ್ತದೇನು ನಿನಗ?"

"ಕಾಣಸ್ತದ. ಹ್ಯಾಂಗದ ಅಂದ್ರ..."

"ಹೇಳಬ್ಯಾಡ." ಆಕೆ ಕೈ ಅಡ್ಡ ಹಿಡಿದಳು. "ಗಡಿಯಾರಕ್ಕ ಚಾವಿ ಕೊಟ್ಟೀನಲ್ಲ? ಮತ್ತ ಅಲ್ಲಿಂದ ಹಚ್ಚಬಹುದಲ್ಲ?"

"ಯಾವಾಗರೆ ಹಚ್ಚಬಹುದು."

"ಪಟ್ಟಿ ಬಿಚ್ಚಿದ ಮ್ಯಾಲ ನಾನೇ ನೋಡ್ತೀನಿ. ಮುಂಜಾನಿ ಬಸ್ಸು ಎಷ್ಟಕ್ಕದ?"

ಬಸ್ಸು ಆರಕ್ಕೆ ಎಂದೆ. ಪೆಟ್ಟಿಗೆಯ ವೈರುಗಳನ್ನು ಸುತ್ತಿ, ಗಡಿಯಾರದ ನೆನಪು ಉಳಿದಿರುವ ಸಣ್ಣ ಕಾರ್ಡನ್ನು ಬಟ್ಟೆಯಲ್ಲಿ ಮಡಿಸಿ ಕಪಾಟಿನಲ್ಲಿಟ್ಟೆ. ಮಗಳಿಗೆ ಫೋನ್ ಮಾಡಿ, ಬೆಳಿಗ್ಗೆ ವಾಡಿಯಿಂದ ನೇರ ಆಸ್ಪತ್ರೆಯ ಬಾಗಿಲಿಗೇ ಬರಲು ಹೇಳಿದೆ. ಆಮೇಲೆ ಕೈ ತೊಳೆದು, ತಂಗಿಯ ತಲೆಯನ್ನು ದಿಂಬಿಗೆ ಒರಗಿಸಿ, ಬಲಗಣ್ಣಿಗೆ ರಾತ್ರಿಯ ಔಷಧ ಹಾಕಿ ಬಾಟಲಿಯ ಮುಚ್ಚಳ ತಿರುವಿದೆ.