ಖಾಡಿಯಲ್ಲಿ ಮುಳುಗಿಸಿಟ್ಟ ದೋಣಿ

ನನ್ನ ಹೆಂಡತಿಯ ಅಣ್ಣ ದೋಣಿ ಕೊಂಡದ್ದು ದೀಪಾವಳಿಗೆ ಮುಂಚೆ ಎಂದು ಅವಳ ವಾದ, ಅನಂತರ ಎಂದು ನನ್ನದು. ಹಳೆಯ ದಾಖಲೆಗಳ ಸಂಶೋಧನೆಯಲ್ಲಿಯೇ ನಿವೃತ್ತನಾದ ನನಗೆ ದಿನಾಂಕದ ವಿಷಯದಲ್ಲಿ ಬರಿಯ ನೆನಪನ್ನು ನೆಚ್ಚುವ ಅಭ್ಯಾಸವಿಲ್ಲ. ಮೊಬೈಲಿನಲ್ಲಿದ್ದ ದೋಣಿಯ ಮೊದಲ ಚಿತ್ರದ ದಿನವನ್ನು ನೋಡಿದೆ. ಅಂದು ಹಳಿಯ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದುದರಿಂದ ಠಾಣೆಯಿಂದ ಡೊಂಬಿವಲಿಗೆ ನಾವಿಬ್ಬರೂ ಬಸ್ಸು ಹಿಡಿದು ಹೋದದ್ದನ್ನು ಅದರೊಡನೆ ತಾಳೆ ಹಾಕಿದೆ. ದೀಪಾವಳಿಯ ಮರುವಾರವೆಂಬುದು ಖಚಿತವಾಯಿತು. ಅವಳು ಇನ್ನೂ ಒಪ್ಪಿಲ್ಲ.

ಭಾವನವರು ಉಡುಪಿಯ ಕಡೆಯವರು. ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಲೇ ಮುಪ್ಪಾದವರು, ಮದುವೆಯಾಗಲಿಲ್ಲ. ಒಲೆ, ಪಾತ್ರೆ, ಮಲಗುವ ಕೋಣೆ ಎಲ್ಲವೂ ಗುತ್ತಿಗೆದಾರನವು. ಕ್ಯಾಂಟೀನು ಮುಚ್ಚಿದಾಗ ಅವರು ಹೊರಗೆ ತಂದದ್ದು ಒಂದು ಟ್ರಂಕು ಮಾತ್ರ. ಅಂಥವರು, ಡೊಂಬಿವಲಿ ಪಶ್ಚಿಮದ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ಕೆಸರಿನಲ್ಲಿ ಹೂತುಹೋಗಿದ್ದ ಮರದ ಮೋಟಾರು ದೋಣಿಯನ್ನು ತಮ್ಮ ಉಳಿತಾಯದಿಂದ ಕೊಂಡರು. ಸೇತುವೆಯಾಗುವ ಮೊದಲು ಅದು ಜನರನ್ನು ಆಚೆ ದಡಕ್ಕೆ ದಾಟಿಸುತ್ತಿತ್ತು; ಆಮೇಲೆ ಯಾರೂ ಅದರತ್ತ ತಿರುಗಿ ನೋಡಿರಲಿಲ್ಲ. ಇಷ್ಟು ವಯಸ್ಸಿನಲ್ಲಿ ಅವರು ತಮ್ಮದೆಂದು ಕೊಂಡ ಮೊದಲ ದೊಡ್ಡ ವಸ್ತು ಅದು.

ಅದು ಅವರದಾಗಿಯೇ ಉಳಿಯುವುದು ಮಾತ್ರ ಖಚಿತವಿರಲಿಲ್ಲ. ದೋಣಿಗಳು ನಿಲ್ಲುವ ಹೊಸ ದಕ್ಕೆ ಕಟ್ಟಲು ಮಳೆಗಾಲಕ್ಕೆ ಮುಂಚೆ ದಂಡೆಯನ್ನು ತೆರವು ಮಾಡುವವರಿದ್ದರು. ಆ ಕೆಲಸದ ಮೇಲ್ವಿಚಾರಕ ಎರಡೇ ಮಾತಿನಲ್ಲಿ ಹೇಳಿದ: “ಕಾಕಾ, ತೈರೇಗಾ ತೋ ಆಪ್ಕಾ. ನಹೀಂ ತೋ ಲಕಡಿ.” ತೇಲಿದರೆ ನಿಮ್ಮದು, ಇಲ್ಲವಾದರೆ ಸೌದೆ.

ದೋಣಿ ದುರಸ್ತಿ ನಮ್ಮಿಬ್ಬರಿಗೂ ಹೊಸತು. ಭಾವನವರು ಸಮುದ್ರದ ಊರಿನವರಾದರೂ ಅಡುಗೆಯವರ ಮನೆತನ. ನಾನು ವಿಜಯಪುರದ ಬಯಲಿನವನು, ದೋಣಿಯನ್ನು ಮುಟ್ಟಿದ್ದೇ ಆಗ. ಕ್ರೇನು ತರಿಸಿ ದೋಣಿಯನ್ನು ದಂಡೆಯ ಮೇಲಿನ ತಗಡಿನ ಚಪ್ಪರದಡಿ ದಿಮ್ಮಿಗಳ ಮೇಲೆ ಕೂರಿಸಿದೆವು. ಕೊಳೆತ ಹಲಗೆಗಳನ್ನು ಬದಲಿಸಿ, ಸಂದುಗಳಿಗೆ ಹತ್ತಿ ಮೆತ್ತಿ, ಮೇಲೆ ಪುಟ್ಟಿ ಹಚ್ಚಿದೆವು. ಎಂಜಿನ್ ಎಂಐಡಿಸಿಯ ವರ್ಕ್‌ಶಾಪಿಗೆ ಹೋಯಿತು. ಅದರ ಮಾಲೀಕ ಒಂದು ಕಾಲಕ್ಕೆ ಭಾವನವರ ಕೈಯಡುಗೆ ಉಂಡವನು. ಪ್ರೊಪೆಲರ್ ತಿರುಗಿಸುವ, ತುಕ್ಕು ತಿಂದ ದಂಡಕ್ಕೆ ಬದಲಿಯನ್ನು ಕಳಂಬೋಲಿಯ ಉಕ್ಕಿನ ಪೇಟೆಯಿಂದ ಅವನೇ ತರಿಸಿದ.

ದೋಣಿಯ ಆರೈಕೆಯ ನಿಯಮಗಳು ನನ್ನವು. ಹಸ್ತಪ್ರತಿಗಳ ಕೋಣೆಯಲ್ಲಿ ತೇವವೇ ಪರಮಶತ್ರುವೆಂದು ಕಲಿತವನು ನಾನು. ಭಾವನವರು ಹಲಗೆಗಳನ್ನು ತೊಳೆಯಲು ಬಕೆಟ್ ಎತ್ತಿದಾಗಲೆಲ್ಲ ತಡೆಯುತ್ತಿದ್ದೆ.

“ಬ್ಯಾಡ್ರೀ ಭಾವ, ಒಣಗಲಿ. ನೀರ ಬಿದ್ರ ಹಾಳಾಗ್ತದ.”

“ದೋಣಿಗೆ ನೀರು ಆಗುದಿಲ್ಲ ಅಂತ ನಿಮ್ಮ ಬಯಲಿನವರೇ ಹೇಳ್ಬೇಕಷ್ಟೆ,” ಎಂದು ನಗುತ್ತಿದ್ದರು. ಆದರೂ ಬಕೆಟ್ ಕೆಳಗಿಡುತ್ತಿದ್ದರು. ಇಡೀ ಬೇಸಿಗೆ ಆ ಕಾದ ತಗಡಿನಡಿಯಲ್ಲಿ ಒಂದು ಹನಿ ನೀರೂ ಸೋಕದಂತೆ ಇಬ್ಬರೂ ದೋಣಿಯನ್ನು ಕಾಪಾಡಿದೆವು.

ಪಂಚಾಂಗವನ್ನೂ ಸಮುದ್ರದ ಭರತ ಇಳಿತಗಳ ವೇಳಾಪಟ್ಟಿಯನ್ನೂ ಹೋಲಿಸಿ, ಅಮಾವಾಸ್ಯೆಯ ದೊಡ್ಡ ಭರತಕ್ಕೆ ದೋಣಿ ಇಳಿಸುವುದೆಂದು ನಾನೇ ನಿರ್ಧರಿಸಿದೆ. ಮೊದಲು ತೇಲಲಿ, ಎಂಜಿನ್ ಆಮೇಲೆ ಎಂದುಕೊಂಡದ್ದು ಪುಣ್ಯ. ನೀರು ತಾಗಿದ ಕೂಡಲೆ ಸಂದು ಸಂದುಗಳಿಂದ ಎಳೆ ಎಳೆಯಾಗಿ ನೀರು ಒಳಬಂತು. ನಾವು ಮೊಗೆದು ಸುರಿದಂತೆಲ್ಲ ಅದಕ್ಕಿಂತ ಹೆಚ್ಚು ತುಂಬಿತು. ಸ್ವಲ್ಪ ಹೊತ್ತಿನಲ್ಲಿ ದೋಣಿ ಎದೆಮಟ್ಟದ ನೀರಿನಲ್ಲಿ ಸದ್ದಿಲ್ಲದೆ ಕುಳಿತುಬಿಟ್ಟಿತು.

“ಎಂತ ಭಾವ,” ಎಂದರು ಅವರು, “ನಾವು ಮಾಡಿದ್ದು ಜರಡಿಯಾ?” ಆಮೇಲೆ ಕಟ್ಟೆಯ ಮೇಲೆ ಕುಳಿತು, ಸೌದೆಯವನಿಗೆ ಫೋನು ಮಾಡಲು ಹೇಳಿದರು. ನಾನು ಮೊಬೈಲ್ ಹೊರತೆಗೆಯಲಿಲ್ಲ.

ಅಣ್ಣ ತಂಗಿ ಜಗಳವಾಡುವುದು ತುಳುವಿನಲ್ಲಿ. ನನಗೂ ತಾಗಬೇಕೆಂದಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ. ದಡದಲ್ಲಿ ನಿಂತಿದ್ದ ನನ್ನ ಹೆಂಡತಿ ಅಂದು ಕನ್ನಡಕ್ಕೇ ಬಂದಳು.

“ನಿಮಗಿಬ್ಬರಿಗೂ ಮಂಡೆ ಸಮ ಉಂಟಾ? ಅಮ್ಮ ಅಟ್ಟದಿಂದ ಮರಿಗೆ ಇಳಿಸಿದ್ರೆ ಸೀದಾ ಸಾಂಬಾರು ಹೊಯ್ತಿದ್ರಾ? ಮೊದಲು ನೀರು ತುಂಬಿಸಿ ಇಡ್ತಿರ್ಲಿಲ್ವಾ?”

ಮರಿಗೆಯೆಂದರೆ ಕರಾವಳಿಯ ದೊಡ್ಡ ಊಟಗಳಲ್ಲಿ ಬಳಸುವ ಮರದ ಪಾತ್ರೆ. ವರ್ಷವಿಡೀ ಒಣಗಿ ಬಿರುಕು ಬಿಟ್ಟದ್ದು, ನೀರು ಕುಡಿದು ಉಬ್ಬಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆಯಂತೆ.

“ಅದು ಮರಿಗೆ, ಇದು ದೋಣಿ,” ಎಂದರು ಭಾವನವರು.

“ಮರಕ್ಕೆ ಅದು ಗೊತ್ತುಂಟಾ?”

ಮಳೆ ಹತ್ತಿರ ಬರುತ್ತಿತ್ತು. ಸಂದು ಕೂಡದಿದ್ದರೆ ಮತ್ತೆ ಮೇಲೆತ್ತಿ ಸರಿಪಡಿಸಲು ಕಾಲವಿರಲಿಲ್ಲ. ಈಗಲೇ ಮಾರಿದರೆ ಸೌದೆಯ ಬೆಲೆಯಾದರೂ ಸಿಗುತ್ತಿತ್ತು. ಕೊನೆಗೆ ಭಾವನವರು ಎದ್ದು, ಮರಳಿನ ಚೀಲಗಳನ್ನು ದೋಣಿಯೊಳಗೆ ತಾವೇ ಹೊತ್ತು ಹಾಕತೊಡಗಿದರು. ನಾನೂ ಕೈಜೋಡಿಸಿದೆ. ಸರಿಯಾಗಿ ಮುಳುಗಲೆಂದು.

ಅಲ್ಲಿಂದ ಮುಂದೆ ಭರತ ಇಳಿತಗಳು ಅದರ ಮೇಲೆ ಹಾದುಹೋದವು. ಭಾವನವರು ನಿತ್ಯ ಬಂದು, ಇಳಿತದಲ್ಲಿ ಕೆಸರಿಗಿಳಿದು ಸಂದುಗಳಲ್ಲಿ ಉಗುರಾಡಿಸಿ ನೋಡುತ್ತಿದ್ದರು. ಸಂಜೆ ನಮಗೆ ಬರುತ್ತಿದ್ದ ಫೋನಿನಲ್ಲಿ ಒಂದೇ ಮಾತು: “ಇವತ್ತು ಕಡಿಮೆ ಹೋಗ್ತದೆ ಉಗುರು.” ಮುಂದಿನ ದೊಡ್ಡ ಭರತಕ್ಕೆ ಮುಂಚೆ ಚೀಲಗಳನ್ನು ತೆಗೆದು, ನೀರು ಮೊಗೆದು ಬರಿದು ಮಾಡಿ ಕಾದೆವು. ಖಾಡಿಯ ನೀರು ಸುತ್ತ ಏರಿತು. ಒಳಗೆ ತಳದಲ್ಲಿ ತೆಳ್ಳನೆಯ ಪಸೆ, ಅಷ್ಟೆ. ದೋಣಿ ಒಮ್ಮೆ ಓರೆಯಾಗಿ, ಕೆಸರಿನಿಂದ ಬಿಡಿಸಿಕೊಂಡು ನೆಟ್ಟಗಾಯಿತು. ಮೇಲ್ವಿಚಾರಕ ಬಂದು ಅಂಚನ್ನು ಕಾಲಿನಿಂದ ಒತ್ತಿ ನೋಡಿ, “ಲೇ ಜಾವ್ ಕಾಕಾ,” ತೆಗೆದುಕೊಂಡು ಹೋಗಿ ಎಂದ.

ಎಂಜಿನ್ ಕೂರಿಸಿ, ಆಚೆ ದಡದ ಮೀನುಗಾರನೊಬ್ಬ ದೋಣಿ ಕಟ್ಟಿಕೊಳ್ಳಲು ಬಿಟ್ಟುಕೊಟ್ಟ ಜಾಗಕ್ಕೆ ಹೊರಟದ್ದು ಮೊದಲ ಮಳೆಗೆ ಎರಡು ದಿನ ಮುಂಚೆ. ಈ ಒಂದು ದಿನಾಂಕದ ಬಗ್ಗೆ ನನಗೂ ನನ್ನ ಹೆಂಡತಿಗೂ ತಕರಾರಿಲ್ಲ. ಮೂವರೇ ಇದ್ದೆವು. ಖಾಡಿಯ ನಟ್ಟನಡುವೆ ಭಾವನವರು ಎಂಜಿನ್ ನಿಲ್ಲಿಸಿದರು. ನಾನು ತಳದ ಹಲಗೆಗಳನ್ನು ಮುಟ್ಟಿ ನೋಡಿ, ಏನಾಯಿತೆಂದು ಕೇಳಿದೆ.

“ಎಂತದೂ ಇಲ್ಲ ಭಾವ, ಸ್ವಲ್ಪ ಕೂತ್ಕೊಳ್ಳುವ,” ಎಂದರು. “ಈಗ ಕ್ಯಾಂಟೀನಿಲ್ಲ, ಊಟಕ್ಕೆ ಯಾರೂ ಕಾಯ್ತಾ ಇಲ್ಲ.”