ಎರಡು ಸಾವಿರ ಫೋನಿನೊಳಗಿನ ಸಕ್ಕುಬಾಯಿ

ಪುಣೆಯ ಯೆರವಡಾದ ಆ ಕೊಳೆಗೇರಿ ವಸ್ತಿಯಲ್ಲಿ ಗಂಟಲು ಎಂದರೆ ಸಕ್ಕುಬಾಯಿಯದು. ನಳಕ್ಕೆ ನೀರು ಬಂತೆಂದು ಆಕೆ ಕೂಗಿದರೆ ಮೂರು ಓಣಿಯ ಹೆಂಗಸರು ಕೊಡ ಹಿಡಿದು ಹೊರಬೀಳುತ್ತಿದ್ದರು. ಗಂಡ ಅಂಬಾರಾಯನ ಬೆನ್ನು ಹತ್ತಿ ಯಾದಗಿರಿ ಕಡೆಯಿಂದ ಪುಣೆಗೆ ಬಂದಾಗ ಆಕೆಗೆ ಮರಾಠಿಯ ಗಂಧವೂ ಇರಲಿಲ್ಲ. ಅಂಬಾರಾಯ ಗೋಡೆ ಕಟ್ಟುವ ಗವಂಡಿ. ಆಕೆ ಇಟ್ಟಿಗೆ ಹೊರುತ್ತಿದ್ದಳು. ಮಗ ಬಾಬು ಉಸುಕಿನ ರಾಶಿಯ ಮೇಲೆ ಆಡಿ ಬೆಳೆದ.

ತೊಂಬತ್ತೆರಡರಲ್ಲಿ ಮಹಾನಗರಪಾಲಿಕೆಯ ಚುನಾವಣೆ ಬಂತು. ಪಕ್ಷೇತರನಾಗಿ ನಿಂತಿದ್ದ ಪಂಢರಿನಾಥನಿಗೆ ವಸ್ತಿಯ ಕನ್ನಡದ ಮಂದಿಯನ್ನು ಮಾತಾಡಿಸುವವರು ಬೇಕಾಗಿದ್ದರು. ನಳದ ಬಳಿ ಸಕ್ಕುಬಾಯಿಯ ಕೂಗು ಕೇಳಿದವನೇ, "ಹೀ ಬಾಯಿ ಆಪಲ್ಯಾಲಾ ಪಾಯಿಜೆ" ಎಂದನಂತೆ. ಈ ಬಾಯಿ ನಮಗೆ ಬೇಕು ಎಂದು. ಮರುದಿನದಿಂದ ಆಕೆ ಮೆರವಣಿಗೆಯ ಮುಂದೆ ನಡೆದಳು. ಒಂದೊಂದೇ ಬಾಗಿಲಿಗೆ ನಿಂತು, ಒಳಗಿದ್ದವರ ಹೆಸರು ಹಿಡಿದು ಕರೆದು, ಅವರ ಕೂಸಿಗೆ ಜ್ವರ ಬಿಟ್ಟಿತೋ ಇಲ್ಲವೋ ಕೇಳಿ, ಕಡೆಗೆ ವೋಟಿನ ಮಾತು ತೆಗೆಯುತ್ತಿದ್ದಳು. ಪಂಢರಿನಾಥ ಗೆದ್ದ.

ಎರಡು ವರ್ಷದ ಬಳಿಕ ಅಂಬಾರಾಯ ನಾಲ್ಕನೇ ಮಜಲಿನ ಪರಾಂಚಿಯ ಅಟ್ಟಣೆಯಿಂದ ಬಿದ್ದು ಸತ್ತ. ಕಂತ್ರಾಟದಾರ ಅವನು ನಮ್ಮ ಆಳೇ ಅಲ್ಲವೆಂದುಬಿಟ್ಟ. ಆ ದಿನ ಪಂಢರಿನಾಥ ಊಟ ಬಿಟ್ಟು ದವಾಖಾನೆಯ ಮೆಟ್ಟಿಲ ಮೇಲೆ ಕೂತ. ಕಂತ್ರಾಟದಾರನ ಅಂಗಿ ಹಿಡಿದು ಎಳೆತಂದು ತನ್ನ ಆಳೇ ಎಂದು ಒಪ್ಪಿಸಿದ. ಸಕ್ಕುಬಾಯಿಗೆ ವಸ್ತಿಯ ಬಾಲವಾಡಿಯಲ್ಲಿ ಆಯಾ ಕೆಲಸ ಕೊಡಿಸಿದ. ಅದನ್ನು ಆಕೆ ಮರೆಯಲಿಲ್ಲ. ತೊಂಬತ್ತೇಳರಲ್ಲಿ ಆಟೋದಲ್ಲಿ ಕೂತು, ಭೋಂಗಾದ ಮೈಕಿಗೆ ಬಾಯಿಟ್ಟು ಹದಿನೈದು ದಿನ ಕೂಗಿದಳು.

ಋಣ ಒಂದು ಕಡೆ. ಇನ್ನೊಂದು ಸಂಗತಿಯನ್ನು ಆಕೆ ಯಾರಿಗೂ ಹೇಳಿದವಳಲ್ಲ. ಐದು ವರ್ಷಕ್ಕೊಮ್ಮೆ ಬರುವ ಆ ಹದಿನೈದು ದಿನ ಇಡೀ ವಸ್ತಿ ಆಕೆಯನ್ನು ಒಳಗೆ ಕರೆದು ಕೂಡಿಸುತ್ತಿತ್ತು. ಉಳಿದ ದಿನಗಳಲ್ಲಿ ಬಾಲವಾಡಿಯ ಮಕ್ಕಳು ಮನೆಗೆ ಹೋದ ಮೇಲೆ ಆಕೆ ಮಾತಾಡುತ್ತಿದ್ದದ್ದು ಒಲೆಯ ಜೊತೆ.

ಬಾಬು ದೊಡ್ಡವನಾಗಿ ರಸ್ತೆಯ ಪಕ್ಕ ಸ್ಕೂಟರ್ ರಿಪೇರಿಯ ಅಂಗಡಿ ಇಟ್ಟ. ವಸ್ತಿಯ ಕನ್ನಡದವರ ಮನೆಯ ಹುಡುಗಿ ಶೀತಲಳನ್ನೇ ಮದುವೆಯಾದ. ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಹಬ್ಬಿದಾಗ ಪಂಢರಿನಾಥ ಸಕ್ಕುಬಾಯಿಯ ಮನೆಗೇ ಬಂದು, "ಬಾಬುನ ಅಂಗಡಿಯ ಒಂದು ತಗಡೂ ಅಲುಗುವುದಿಲ್ಲ" ಎಂದು ಮಾತು ಕೊಟ್ಟ. ಎರಡು ಸಾವಿರದ ಒಂದರ ಮಳೆಗಾಲದಲ್ಲಿ ಜೆಸಿಬಿ ಬಂದೇ ಬಂತು. ಸಕ್ಕುಬಾಯಿ ಪಂಢರಿನಾಥನ ಆಫೀಸಿಗೆ ಓಡಿದಳು. ಸಾಹೇಬರು ಲೋಣಾವಳಾಕ್ಕೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದರು. ಆಕೆ ತಿರುಗಿ ಬರುವಷ್ಟರಲ್ಲಿ ಬಾಬು ಮಳೆಯಲ್ಲಿ ನಿಂತು ರಿಪೇರಿಯ ಪಾನಾಗಳನ್ನು ಕೆಸರಿನಿಂದ ಹೆಕ್ಕುತ್ತಿದ್ದ.

ಇಷ್ಟಾದ ಮೇಲೂ ಎರಡು ಸಾವಿರದ ಎರಡರಲ್ಲಿ ಆಕೆ ಪಂಢರಿನಾಥನ ಆಟೋ ಹತ್ತಿದಳು. ಬಾಬು ಆಟೋಗೆ ಅಡ್ಡ ನಿಂತ.

"ಯವ್ವಾ, ನನ್ನ ಅಂಗಡಿ ಕೆಡವಿಸಿದವನ ಸಲುವಾಗಿ ಒದರಲಾಕ ಹೊಂಟೀಯೇನು?"

"ನಿಮ್ಮಪ್ಪ ಸತ್ತಾಗ ಅಂವ ಒಬ್ಬಂವೇ ಬಂದಿದ್ದ, ಬಾಬು."

"ನಾ ಸತ್ತಾಗೂ ಅವನಿಗೇ ಕರಿ."

ಅದೇ ವಾರ ಅವನು ಹೆಂಡತಿಯನ್ನು ಕರೆದುಕೊಂಡು ಖಡಕಿಗೆ ಹೋದ. ಅಲ್ಲೊಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ಹಿಡಿದ. ಖಡಕಿ ಏನು ದೂರ, ಬಸ್ಸಿನಲ್ಲಿ ಅರ್ಧ ತಾಸು. ಆದರೂ ಐದು ವರ್ಷ ಅವನು ಬರಲಿಲ್ಲ, ಆಕೆ ಹೋಗಲಿಲ್ಲ. ಮೊಮ್ಮಗಳು ಹುಟ್ಟಿದ್ದನ್ನು ಆಕೆ ಕೇಳಿದ್ದು ಶೀತಲಳ ತವರಿನವರ ಬಾಯಿಂದ.

ಎರಡು ಸಾವಿರದ ಏಳರ ಜನವರಿಯಲ್ಲಿ ಮತ್ತೆ ಚುನಾವಣೆ ಬಂದಾಗ ಆಟೋ ಬರಲಿಲ್ಲ. ಕಾರು ಬಂತು. ಅದು ಆಕೆಯನ್ನು ಗಾಜಿನ ಕಟ್ಟಡದ ಐದನೇ ಮಹಡಿಗೆ ಒಯ್ದಿತು. ಅಲ್ಲಿ ಅನುಜಾ ಎಂಬ ಹುಡುಗಿ ಇದ್ದಳು. ಧಾರವಾಡದವರ ಮಗಳು, ಪುಣೆಯಲ್ಲೇ ಹುಟ್ಟಿದವಳು. ಮೊಬೈಲು, ಈಮೇಲುಗಳಲ್ಲಿ ಜಾಹೀರಾತು ಕಳಿಸುವುದು ಅವಳ ಕಂಪನಿಯ ಕೆಲಸ. ಬಿಸ್ಕೀಟು, ಫ್ಲ್ಯಾಟುಗಳ ಜೊತೆಗೆ ಈ ಸಲ ಪಂಢರಿನಾಥನೂ ಅವರ ಗಿರಾಕಿ.

"ಮೌಶಿ, ನೀವೀಗ ಓಣಿ ಓಣಿ ತಿರಗೂದು ಬ್ಯಾಡ್ರಿ," ಎಂದಳು ಅನುಜಾ. "ನಿಮ್ಮ ಧ್ವನಿ ತುಂಬಿಕೋತೀವಿ. ಕಂಪ್ಯೂಟರ್ ಎಲ್ಲಾರ ಮೊಬೈಲಿಗೂ ತಾನ ಫೋನ್ ಮಾಡತದ. ಎರಡು ಸಾವಿರ ಕನ್ನಡ ಮನಿ ನಂಬರ್ ಅವ ನಮ್ಮ ಕಡೆ."

ಅನುಜಾ ಬರೆದಿದ್ದ ಮಾತು 'ಮಾನ್ಯ ಮತದಾರ ಬಂಧುಗಳೇ' ಎಂದು ಶುರುವಾಗುತ್ತಿತ್ತು. ಸಕ್ಕುಬಾಯಿಗೆ ಓದು ಬಾರದು. ಕೇಳಿಸಿಕೊಂಡು ನಕ್ಕಳು. "ಹಿಂಗಂದ್ರ ಯಾರು ಬಾಗಿಲಾ ತೆಗಿತಾರವ್ವ?" ತನ್ನ ರೀತಿಯಲ್ಲೇ ಮಾತಾಡುತ್ತೇನೆಂದು ಮೈಕಿನ ಮುಂದೆ ಕೂತು ಕೂಗಿದಳು. ಅನುಜಾ ಕಿವಿಗೆ ಹಾಕಿದ್ದ ಹೆಡ್‌ಫೋನು ಕಿತ್ತುಹಾಕಿದಳು.

"ಓಣಿಗೆ ಹೇಳಬ್ಯಾಡ್ರಿ ಮೌಶಿ, ಒಬ್ಬರಿಗೆ ಹೇಳ್ರಿ. ಎದುರಿಗೆ ಒಬ್ಬರ ಇದ್ದಾರ ಅಂತ ತಿಳೀರಿ. ಭಾಳ ಹತ್ತಿರದವರು. ಪ್ರಶ್ನೆ ಕೇಳಿದ ಮ್ಯಾಲೆ ಸುಮ್ಮನಾಗ್ರಿ, ಅವರು ಉತ್ತರ ಕೊಡೋವಷ್ಟು ಜಾಗ ಬಿಡ್ರಿ. ಖರೇನ ಮಾತಾಡಲಿಕ್ಕತ್ತೀರಿ ಅಂತ ಅನಸಬೇಕು."

ಸಕ್ಕುಬಾಯಿ ಕಣ್ಣು ಮುಚ್ಚಿದಳು. ಒಬ್ಬರು ಎಂದರೆ ಯಾರು? ಬಾಬುನದು ಬಿಟ್ಟು ಬೇರೆ ಮುಖವೇ ಬರಲಿಲ್ಲ.

"ನಾ ಸಕ್ಕುಬಾಯಿ ಮಾತಾಡಲಾಕತ್ತೀನಿ. ಉಂಡೇನಪ್ಪಾ?" ಎಂದಳು. ಸುಮ್ಮನಾದಳು. "ಸಿಟ್ಟ ಇದ್ರ ಬಿಟ್ಟಬಿಡಪ್ಪ. ನಮ್ಮ ಮಂದಿ ಮ್ಯಾಲೆ ಎಷ್ಟ ದಿನ ಸಿಟ್ಟ ಮಾಡಕೋತ ಕೂಡ್ತಿ?" ಮತ್ತೆ ಸುಮ್ಮನಾದಳು. ಆಮೇಲೆ, ಬಂದ ಕೆಲಸ ನೆನಪಾಗಿ, ಪಂಢರಿನಾಥನ ಹೆಸರು, ಹೊಲಿಗೆ ಯಂತ್ರದ ಗುರುತು, ಬಟನ್ ಒತ್ತುವ ತಾರೀಕು ಹೇಳಿದಳು. ಅನುಜಾ ಎದ್ದು ಬಂದು ಆಕೆಯ ಕೈ ಹಿಡಿದುಕೊಂಡಳು. ಎರಡನೇ ಸಲ ಹೇಳಿಸಲೇ ಇಲ್ಲ.

ಮರುದಿನದಿಂದ ವಸ್ತಿಯ ತುಂಬ ಆಕೆಯ ಧ್ವನಿ ರಿಂಗಣಿಸಿತು. ರೂಢಿ ಬಿಡಲಾಗದೆ ಆಕೆ ಸಂಜೆ ಓಣಿಗಿಳಿದಳು. ಸೊಲ್ಲಾಪುರದ ಸೀರೆ ಮಾರುವ ರಂಗೂಬಾಯಿ ಬಾಗಿಲಲ್ಲೇ ಕೈ ಆಡಿಸಿದಳು. "ಬಂತ್ರಿ ನಿಮ್ಮ ಫೋನು. ಎರಡ ಸಲ ಬಂತು. ವೋಟ್ ಹಾಕ್ತೀವಿ ಬಿಡ್ರಿ." ಒಳಗೆ ಬಾ ಎನ್ನಲಿಲ್ಲ. ಮುಂದಿನ ಮನೆಯಲ್ಲಿಯೂ ಅದೇ ಮಾತು. ಹತ್ತು ಬಾಗಿಲು ದಾಟುವಷ್ಟರಲ್ಲಿ ಸಕ್ಕುಬಾಯಿಗೆ ತಿಳಿಯಿತು, ತಾನು ಬರುವ ಮುಂಚೆಯೇ ತಾನು ಬಂದು ಹೋಗಿದ್ದೇನೆ. ಆಟೋ ಸ್ಟ್ಯಾಂಡಿನ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ಮನೆಗೆ ಹೋದಳು.

ಮೂರನೇ ದಿನ ಬಾಲವಾಡಿ ಬಿಡುವ ಹೊತ್ತಿಗೆ ಶೀತಲ ಬಂದು ಗೇಟಿನಲ್ಲಿ ನಿಂತಿದ್ದಳು. ಐದು ವರ್ಷದಲ್ಲಿ ಮೊದಲ ಸಲ. ಸಕ್ಕುಬಾಯಿ ಓಡಿ ಹೋದಳು.

"ಅತ್ತೀ, ನೀವು ಅವರಿಗಿ ಫೋನ್ ಮಾಡಿದ್ರೇನು?"

"ಇಲ್ಲಲ್ಲ ಯವ್ವ. ನನ್ನ ಕಡಿ ಅವನ ನಂಬರೇ ಇಲ್ಲ."

ಶೀತಲ ಅಲ್ಲಿಯೇ ಕಟ್ಟೆಯ ಮೇಲೆ ಕೂತು ಹೇಳಿದಳು. ಬಾಬುನ ಹೆಸರು ಇನ್ನೂ ಯೆರವಡಾದ ಮತದಾರರ ಪಟ್ಟಿಯಲ್ಲೇ ಇತ್ತು, ನಂಬರು ಅದು ಹೇಗೋ ಪ್ರಚಾರದವರಿಗೆ ಸಿಕ್ಕಿತ್ತು. ಅವಳು ಊಟದ ಡಬ್ಬಿ ಕೊಡಲು ವರ್ಕ್‌ಶಾಪಿಗೆ ಹೋದಾಗಲೇ ಫೋನು ಬಂತು. ಉಂಡೇನಪ್ಪಾ ಎಂದದ್ದು ಕೇಳಿ ಅವನು ಲೇಥ್ ಬಂದ್ ಮಾಡಿದ. "ಇಲ್ಲವ್ವ, ಈಗ ಉಣಬೇಕು" ಎಂದ. ಸಿಟ್ಟು ಬಿಡು ಎಂದದ್ದಕ್ಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಂದೂ ತಪ್ಪದವ್ವ, ಐತವಾರ ಬರ್ತೀನಿ, ಪೋರಿಗಿ ಕರಕೊಂಡು ಬರ್ತೀನಿ" ಎಂದು ಅವನು ಹೇಳುತ್ತಿರುವಾಗಲೇ ಅವ್ವ ಆ ಕಡೆಯಿಂದ ಹೊಲಿಗೆ ಯಂತ್ರಕ್ಕೆ ಬಟನ್ ಒತ್ತು ಎಂದಳು. ಅವನು ಅವ್ವಾ ಅವ್ವಾ ಎನ್ನುತ್ತಲೇ ಇದ್ದ. ಫೋನು ಕಟ್ಟಾಯಿತು.

"ಡಬ್ಬಿ ಹಂಗೇ ಮನೀಗಿ ಬಂತ್ರಿ. ಆವತ್ತಿನಿಂದ ಒಂದು ಮಾತಾಡಿಲ್ಲ."

ಸಕ್ಕುಬಾಯಿ ಸೆರಗು ಸಿಕ್ಕಿಸಿಕೊಂಡು ಸೊಸೆಯ ಜೊತೆಗೇ ಖಡಕಿಯ ಬಸ್ಸು ಹತ್ತಿದಳು. ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಾಗ ಬಾಬು ತಲೆ ಎತ್ತಿ ನೋಡಿದ. ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು ಬಂದಿದ್ದವು.

"ಅದು ಟೇಪ್ ಬಾಬು. ಮಷೀನು. ನೀ ಅಂದದ್ದು ನಾ ಕೇಳಸ್ಕೊಳ್ಳಲಿಲ್ಲ, ನನಗ ಗೊತ್ತಾಗಲಿಲ್ಲ."

"ಗೊತ್ತಾಯಿತು ನನಗೂ. ಎಲ್ಲಾರಿಗೂ ಅದೇ ಬಂದದ."

"ನಿನ್ನ ಮಾರಿ ನೆನಸ್ಕೊಂಡೇ ಅಂದೀನಪ್ಪ. ಆ ಹುಡುಗಿ ಒಬ್ಬರಿಗಿ ಹೇಳು ಅಂದ್ಲು. ನಾ ನಿನಗಽ ಹೇಳಿದ್ದು."

ಬಾಬು ಕೈಯ ಎಣ್ಣೆಯನ್ನು ಅರಿವೆಗೆ ಒರೆಸಿದ. ಬಹಳ ಹೊತ್ತು ಒರೆಸಿದ.

"ನನಗ ಹೇಳೂದನ್ನ ಅಂವಗ ಯಾಕ ಕೊಟ್ಟಿ?" ಎಂದ.

ಸಕ್ಕುಬಾಯಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಬಸ್ ಸ್ಟಾಪಿನ ತನಕ ಶೀತಲ ಬಂದಳು, ಬಾಬು ಬರಲಿಲ್ಲ.

ಮರುದಿನ ಸಕ್ಕುಬಾಯಿ ಪಂಢರಿನಾಥನ ಆಫೀಸಿಗೆ ಹೋಗಿ ನಿಂತಳು. ಕಾರ್ಯಕರ್ತರ ನಡುವೆ ಕೂತಿದ್ದವನಿಗೆ ಮರಾಠಿಯಲ್ಲಿಯೇ ಹೇಳಿದಳು. "ಅಣ್ಣಾ, ನನ್ನ ಧ್ವನಿ ತೆಗೆಸಿಬಿಡಿ. ಗಂಡನ ಋಣ ಇಲ್ಲಿಗೆ ತೀರಿತು." ಪಂಢರಿನಾಥ ನಗಲು ಹೋಗಿ ಆಕೆಯ ಮುಖ ನೋಡಿ ನಿಲ್ಲಿಸಿದ. ಅನುಜಾಗೆ ಫೋನ್ ಮಾಡಿಸಿದ. ಅಷ್ಟರಲ್ಲಿ ಎರಡು ಸಾವಿರ ನಂಬರುಗಳಿಗೂ ಹೋಗಿ ಮುಗಿದಿತ್ತು. ಅವನು ಆ ಸಲವೂ ಗೆದ್ದ. ಗುಲಾಲು ಎರಚುತ್ತ ಮೆರವಣಿಗೆ ಓಣಿಯಲ್ಲಿ ಬಂದಾಗ ಸಕ್ಕುಬಾಯಿ ಒಳಗಿನಿಂದ ಚಿಲಕ ಹಾಕಿ ಅಕ್ಕಿ ಆರಿಸುತ್ತ ಕೂತಿದ್ದಳು.

ಆ ಬೇಸಗೆಯಿಂದ ತಿಂಗಳಿಗೊಂದು ಐತವಾರ ಶೀತಲ ಮೊಮ್ಮಗಳನ್ನು ಕರೆದುಕೊಂಡು ಬರತೊಡಗಿದಳು. ಬಾಬು ಅವರನ್ನು ಬೈಕಿನಲ್ಲಿ ತಂದು ಬಿಟ್ಟು, ಓಣಿಯ ಬಾಯಲ್ಲಿ ಗಾಡಿಯ ಮೇಲೆಯೇ ಕೂತಿರುತ್ತಿದ್ದ. ಸಕ್ಕುಬಾಯಿ ಮೊಮ್ಮಗಳ ಕೈಯಲ್ಲಿ ಚಹಾ ಕಳಿಸುತ್ತಿದ್ದಳು. ಲೋಟ ಖಾಲಿಯಾಗಿ ಬರುತ್ತಿತ್ತು.

ಮುಂದಿನ ವರ್ಷದ ಶ್ರಾವಣದಲ್ಲಿ ಒಮ್ಮೆ ಮಳೆ ಜಡಿದು ಬಂತು. ಬಾಬು ಓಡಿ ಬಂದು ತಗಡಿನ ಕೆಳಗೆ, ಹೊಸ್ತಿಲಿನ ಹೊರಗೆ ನಿಂತ. ಸಕ್ಕುಬಾಯಿ ಬಾಲವಾಡಿಯಿಂದ ತಂದಿದ್ದ ಸಣ್ಣ ಕುರ್ಚಿಯನ್ನು ಅವನ ಬಳಿಗೆ ಸರಿಸಿದಳು. ಆ ಚಿಕ್ಕ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಅವನು ಕೂತ. ಹೆಲ್ಮೆಟ್ ತೆಗೆಯಲಿಲ್ಲ. ಮಳೆ ನಿಲ್ಲಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತೂ ಆಕೆ ಬಾಗಿಲ ಚೌಕಟ್ಟಿಗೆ ಒರಗಿ, ಅವನ ಬೆನ್ನು ನೋಡುತ್ತ ನಿಂತಿದ್ದಳು.