ಅಡುಗೆಮನೆಗೆ ಕಟ್ಟಿದ ಗಂಟೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಬರೆಯಲು ಕುಳಿತರೆ ಎಲ್ಲಿ ಒಂದು ಒತ್ತಕ್ಷರ ತಪ್ಪಿ ಇಡೀ ಮನೆಯ ಮರ್ಯಾದೆ ಹೋಗುವುದೋ ಎಂಬ ಅಂಜಿಕೆ ಇನ್ನೂ ಬಿಟ್ಟಿಲ್ಲ. ಆಫೀಸಿನಲ್ಲಿ ಒಂದು ದಿನದ ರಜೆಯ ಅರ್ಜಿಯನ್ನೂ ಮೂರು ಸಲ ಓದಿ ಕಳುಹಿಸುವವಳು ನಾನು. ಇಂಥವಳು ತನ್ನದೇ ಒಂದು ತಪ್ಪನ್ನು ಕುರಿತು ಹೇಳಹೊರಟಿದ್ದೇನೆ. ನಿರೂಪಣೆ ಅಲ್ಲಲ್ಲಿ ತಡವರಿಸಿದರೆ ದಯವಿಟ್ಟು ಮನ್ನಿಸಿ.

ನನ್ನ ಅಪ್ಪ ಮುಂಬಯಿಯ ಭಾಂಡುಪಿನ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವರು. ಅಮ್ಮ ತೀರಿಕೊಂಡ ಮೇಲೆ ದಹಿಸರಿನ ನಮ್ಮ ಮನೆಯಲ್ಲಿದ್ದಾರೆ. ನಾನೂ ನನ್ನ ಗಂಡನೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆಗೆ. ಕಳೆದ ವರ್ಷ ಒಂದು ಮಧ್ಯಾಹ್ನ ಅಪ್ಪ ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದರು. ನಾನು ಗೋರೆಗಾಂವಿನ ಆಫೀಸಿನಿಂದ ಬರುವವರೆಗೆ ಯಾರಿಗೂ ತಿಳಿಯಲಿಲ್ಲ.

"ಎಂತ ಇಲ್ಲ ಮಗಾ, ನೆಲ ತಂಪಿತ್ತು. ಹಾಗೇ ಮಲಗಿದ್ದೆ" ಎಂದರು. ಅಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ನಾನು ಬೇರೆ ಕಂಡಿಲ್ಲ.

ಅಂದೇ ಒಂದು ಕಟ್ಟಪ್ಪಣೆ ಹೊರಡಿಸಿದೆ: ನಾವಿಲ್ಲದಾಗ ಅಪ್ಪ ಅಡುಗೆಮನೆಗೆ ಕಾಲಿಡಕೂಡದು. ಅಪ್ಪ ತಲೆಯಾಡಿಸಿದರು, ಮರುದಿನವೇ ಸಿಂಕಿನಲ್ಲಿ ತೊಳೆದಿಟ್ಟ ಬಾಣಲೆಯೊಂದು ಸಿಕ್ಕಿತು. ಇನ್ನು ನಾನೇ ಮನೆಯಲ್ಲಿರಬೇಕೆಂದು ತೀರ್ಮಾನಿಸಿ ರಾಜೀನಾಮೆ ಪತ್ರ ಬರೆದೆ. ಒಂಬತ್ತು ಸಲ ತಿದ್ದಿ ಚೀಲದಲ್ಲಿ ಬಚ್ಚಿಟ್ಟೆ. ಒಲೆಯ ಮುಂದೆ ನಿಂತು ಬೆವರಿ ನನ್ನನ್ನು ಓದಿಸಿದವರು ಅವರು. ಆ ಓದಿನಿಂದ ಬಂದ ಕೆಲಸವನ್ನು ಅವರಿಗಾಗಿಯೇ ಬಿಟ್ಟೆನೆಂದು ತಿಳಿದರೆ, ಬಿದ್ದದ್ದಕ್ಕಿಂತ ದೊಡ್ಡ ಪೆಟ್ಟಾಗುತ್ತಿತ್ತು. ಪತ್ರ ಕೊಡುವ ಮೊದಲು ಕೊನೆಯದೊಂದು ಪ್ರಯತ್ನವೆಂದು, ಕಳ್ಳರನ್ನು ಹಿಡಿಯುವ ಸಾಮಾನು ಮಾರುವ ಅಂಗಡಿಗೆ ಹೋದೆ.

ಅಲ್ಲಿ ಸಿಕ್ಕಿದ್ದು ಅಂಗೈಯಗಲದ ಒಂದು ಡಬ್ಬಿ. ಕ್ಯಾಮೆರಾದ ತಂತಿಯನ್ನು ಅದರ ಬೆನ್ನಿಗೆ ಸಿಕ್ಕಿಸಿದರೆ, ಅದು ಈ ಕ್ಷಣದ ಚಿತ್ರವನ್ನು ಹಿಂದಿನ ಕ್ಷಣದ ಚಿತ್ರದೊಂದಿಗೆ ಹೋಲಿಸುತ್ತದೆ. ವ್ಯತ್ಯಾಸ ಕಂಡರೆ ಏನೋ ಅಲುಗಿತೆಂದು ತಿಳಿದು ಗಂಟೆ ಬಾರಿಸುತ್ತದೆ. ಕಳ್ಳ ಯಾರು, ಅಪ್ಪ ಯಾರು, ಕಿಟಕಿಯ ಪಾರಿವಾಳ ಯಾವುದು ಎಂಬ ಭೇದ ಅದಕ್ಕಿಲ್ಲ. ವಿಚಾರ ಮಾಡಿದರೆ ನಾನೂ ಪ್ರತಿ ಸಂಜೆ ಅದನ್ನೇ ಮಾಡುತ್ತಿದ್ದೆ: ಬಾಗಿಲಲ್ಲಿ ನಿಂತು ನಿನ್ನೆಯ ಅಪ್ಪನನ್ನು ಇಂದಿನ ಅಪ್ಪನೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ಎದೆಯಲ್ಲಿ ಗಂಟೆ ಬಾರಿಸಿಕೊಳ್ಳುವುದು.

ಚಿತ್ರ ಮೊಬೈಲಿಗೇ ಬರುವ ಕ್ಯಾಮೆರಾ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಗೋರೆಗಾಂವಿನಲ್ಲಿ ಕುಳಿತು ಕಂಡರೂ ಲೋಕಲ್ ರೈಲು ಹಿಡಿದು ಬರುವಷ್ಟರಲ್ಲಿ ತಡವಾಗುತ್ತದೆ. ಮೇಲಾಗಿ ಅಪ್ಪ ಖಡಾಖಂಡಿತವಾಗಿ ಹೇಳಿದ್ದರು: "ನಾನು ಪಂಚೆ ಎತ್ತಿ ಕಟ್ಟಿದ್ದನ್ನು ನಿನ್ನ ಆಫೀಸಿನವರು ನೋಡ್ಬೇಕಾ?" ಆದ್ದರಿಂದ ಗಂಟೆಯನ್ನು ಪಕ್ಕದ ಮನೆಯ ಕದಂ ಕಾಕು ಅವರಲ್ಲಿ ಇರಿಸಿದೆ (ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ). ನಮ್ಮ ಮನೆಯ ಇನ್ನೊಂದು ಕೀಲಿ ಇರುವುದೂ ಅವರ ಬಳಿಯೇ. ಅಪ್ಪ ಅಡುಗೆಮನೆಗೆ ನುಗ್ಗಿದೊಡನೆ ಗಂಟೆ ಬಾರಿಸಬೇಕು, ಕಾಕು ಬಂದು ಅವರನ್ನು ಹೊರಗೆ ಕರೆತರಬೇಕು. ಇದು ನನ್ನ ಏರ್ಪಾಡು.

ಎಲೆಕ್ಟ್ರಿಷಿಯನ್ನನನ್ನು ಕರೆಯೋಣವೆಂದು ಗಂಡ ಹೇಳಿದರು. ಭೌತಶಾಸ್ತ್ರದ ಪದವೀಧರೆ ನಾನಿರುವಾಗ! ಭಾನುವಾರವಿಡೀ ಕುರ್ಚಿಯ ಮೇಲೆ ನಿಂತು ಕ್ಯಾಮೆರಾ ಬಿಗಿದೆ, ಗೋಡೆಯಲ್ಲಿ ತೂತು ಕೊರೆದು ಕಾಕು ಅವರ ಮನೆಯ ಗಂಟೆಯವರೆಗೆ ತಂತಿ ಎಳೆದೆ. ಡಬ್ಬಿಯ ಹಿಂದೆ ಗಂಟೆಗೆಂದು ಮೂರು ಸ್ಕ್ರೂಗಳಿದ್ದವು. ನಡುವಿನದು ಯಾವಾಗಲೂ ಬೇಕಾದದ್ದು. ಉಳಿದ ಎರಡರಲ್ಲಿ ಒಂದಕ್ಕೆ ತಂತಿ ಕಟ್ಟಿದರೆ ಅಲುಗಾಟ ಕಂಡಾಗ ಗಂಟೆ ಬಾರಿಸುತ್ತದೆ. ಇನ್ನೊಂದಕ್ಕೆ ಕಟ್ಟಿದರೆ ಅಲುಗಾಟ ಇಲ್ಲದಿರುವಾಗ. ಕೈಪಿಡಿಯನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ಓದದೆ ಕಟ್ಟಿದೆ; ಹೊತ್ತಾಗಿದ್ದರಿಂದ ಬಾರಿಸಿಯೂ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಕಾಕು ಅವರ ಕೈಗೆ ಹಿಂದಿಯಲ್ಲಿ ಬರೆದ ಸೂಚನೆಗಳ ಹಾಳೆಯನ್ನು ಕೊಟ್ಟೆ. ನಾನು ಹೊರಟ ಮೇಲೆ ಗಂಟೆಯ ಸ್ವಿಚ್ ಹಾಕಬೇಕೆಂಬುದು ಮೊದಲನೆಯದು. ಏನೇ ಆದರೂ ಆರಿಸಕೂಡದೆಂಬುದು ಕೊನೆಯದು. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಆಫೀಸು ತಲುಪಿದೊಡನೆ ಫೋನು ಬಂತು. "ಅರೆ ಬೇಟಾ, ಯೇ ತೊ ಚುಪ್ ಹೀ ನಹೀ ಹೋತಾ!" ಇದು ಸುಮ್ಮನಾಗುವುದೇ ಇಲ್ಲವೆನ್ನುತ್ತಿದ್ದ ಕಾಕು ಅವರ ದನಿಗಿಂತ ಜೋರಾಗಿ ಗಂಟೆ ಬಾರಿಸುತ್ತಿತ್ತು. ಅಪ್ಪ ಹಜಾರದಲ್ಲಿ ಪೇಪರು ಓದುತ್ತ ಕುಳಿತಿದ್ದಾರಂತೆ. ಪಾರಿವಾಳವಿರಬಹುದು, ಓಡಿಸಿ ಎಂದೆ. ಅರ್ಧ ಗಂಟೆಯ ನಂತರ ನಾನೇ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ. ಅರ್ಜಿಯನ್ನು ಒಂದು ಸಲವೂ ಓದದೆ ಅರ್ಧ ದಿನದ ರಜೆ ಹಾಕಿ ಸ್ಟೇಷನ್ನಿಗೆ ಓಡಿದೆ.

ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅಪ್ಪ ಪಂಚೆ ಎತ್ತಿ ಕಟ್ಟಿ ನೀರುದೋಸೆ ಹೊಯ್ಯುತ್ತಿದ್ದರು. ಕದಂ ಕಾಕು ಸ್ಟೂಲಿನ ಮೇಲೆ ತಟ್ಟೆ ಹಿಡಿದು ಕುಳಿತಿದ್ದರು. ಗಂಟೆಯ ಸದ್ದೇ ಇರಲಿಲ್ಲ.

"ಅಪ್ಪಾ! ಒಳಗೆ ಬರಬಾರದು ಅಂತ ಹೇಳಿರಲಿಲ್ವಾ?"

"ನಾನೆಂತ ಮಾಡೂದು ಮಾರಾಯ್ತಿ? ಹೊರಗೆ ಹೋದ್ರೆ ನಿನ್ನ ಗಂಟೆ ಬೊಬ್ಬೆ ಹಾಕ್ತದೆ. ಒಳಗೆ ಬಂದ್ರೆ ಸುಮ್ಮನಾಗ್ತದೆ. ಬರೇ ನಿಂತ್ರೂ ಆಗೂದಿಲ್ಲ, ಕೈಕಾಲು ಆಡಿಸ್ತಾ ಇರ್ಬೇಕು. ಆರಿಸ್ಬಾರ್ದು ಅಂತ ನೀನೇ ಬರ್ದು ಕೊಟ್ಟಿದ್ದಿಯಲ್ಲ?"

"ತೇರಾ ಮಶೀನ್ ಬಹುತ್ ಶಾಣಾ ಹೈ!" ನನ್ನ ಯಂತ್ರ ಬಲು ಜಾಣನೆಂದು ಹೊಗಳಿ ಕಾಕು ಇನ್ನೊಂದು ದೋಸೆಗೆ ತಟ್ಟೆ ಒಡ್ಡಿದರು.

ತಂತಿ ಕಟ್ಟಿದ ಸ್ಕ್ರೂ ಯಾವುದೆಂದು ನೋಡುವ ಅಗತ್ಯವೇ ಇರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿ ಸ್ಕ್ರೂಡ್ರೈವರ್ ತಂದು ಕುರ್ಚಿ ಹತ್ತಿದೆ. ಅಪ್ಪ ಒಲೆ ಆರಿಸಿದರು.

"ಬಿಚ್ಬೇಡ ಮಗಾ. ಅದು ಸರಿಯಾಗೇ ಉಂಟು."

"ತಪ್ಪಾಗಿ ಕಟ್ಟಿದ್ದೇನೆ ಅಪ್ಪ."

"ಹೋಟೆಲಿನಲ್ಲಿ ನಮ್ಮ ಯಜಮಾನ್ರು ಮುಂದೆ ಗಲ್ಲಾದಲ್ಲಿ ಕೂತಿರ್ತಿದ್ರು, ಕಿವಿ ಮಾತ್ರ ಅಡುಗೆಮನೆಯಲ್ಲಿ. ಸೌಟಿನ ಸದ್ದು ಕೇಳ್ತಾ ಇದ್ರೆ ಒಳಗೆ ತಲೆ ಹಾಕ್ತಿರ್ಲಿಲ್ಲ. ಸದ್ದು ನಿಂತ್ರೆ ಓಡಿ ಬರ್ತಿದ್ರು. ಸಾಂಬಾರಿನ ಹಂಡೆ ಕಾಲಿಗೆ ಮಗುಚಿದ ದಿನ ನಾನು ಕೂಗ್ಲೇ ಇಲ್ಲ, ಆದ್ರೂ ಬಂದ್ರು." ಕಾವಲಿಯ ಮೇಲಿನ ದೋಸೆ ಮಡಚಿ, "ನಾನು ಅಲುಗಾಡಿದ್ರೆ ನಿಂಗೆ ಎಂತ ಹೆದರಿಕೆ? ಅಲುಗಾಡದಿದ್ರೆ ಅಲ್ವಾ ಹೆದರ್ಬೇಕಾದ್ದು?" ಎಂದರು.

ಸ್ಕ್ರೂಡ್ರೈವರನ್ನು ಕೆಳಗಿಟ್ಟೆ. ಬಿದ್ದ ದಿನದ ಭಯವನ್ನು ನಾನು ಅವರ ನಡಿಗೆಯ ಮೇಲೆ ಹೊರಿಸಿದ್ದೆ. ಓಡಾಡುತ್ತಿದ್ದ ಅಪ್ಪನನ್ನೇ ಕಳ್ಳನೆಂದು ಎಣಿಸಿದ್ದೆ. ತಂತಿಯನ್ನು ಮುಟ್ಟಲಿಲ್ಲ. ಅಲುಗಾಟ ನಿಂತು ಎಷ್ಟು ಹೊತ್ತಿನ ಮೇಲೆ ಗಂಟೆ ಬಾರಿಸಬೇಕೆಂದು ನಿಗದಿಪಡಿಸುವ ಒಂದು ತಿರುಗುಗುಂಡಿ ಡಬ್ಬಿಯಲ್ಲಿತ್ತು. ಅದನ್ನು ಇಪ್ಪತ್ತು ನಿಮಿಷಕ್ಕೆ ತಿರುಗಿಸಿದೆ. ಕ್ಯಾಮೆರಾವನ್ನು ಅಪ್ಪನ ಕುರ್ಚಿಯೂ ಕಾಣುವಷ್ಟು ಹೊರಳಿಸಿದೆ. ಪೇಪರಿನ ಹಾಳೆ ಮಗುಚಿದರೂ ಅದು ಅಲುಗಾಟವೇ.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಮಧ್ಯಾಹ್ನದ ಅಡುಗೆ ಈಗ ಅಪ್ಪನದು. ಒಂದು ಪಾಲು ಕದಂ ಕಾಕು ಅವರ ಮನೆಗೆ ಹೋಗುತ್ತದೆ. ಊಟದ ನಂತರ ಮಲಗುವ ಮುನ್ನ ಅಪ್ಪ ಅವರಿಗೆ ಹೇಳುತ್ತಾರೆ; ಅವರು ಗಂಟೆ ಆರಿಸಿ, ಒಂದು ತಾಸಿನ ಮೇಲೆ ಬಂದು ನೋಡುತ್ತಾರೆ. ಮಳೆಗಾಲದಲ್ಲಿ ಒಂದು ದಿನ ಗಂಟೆ ನಿಜವಾಗಿಯೇ ಬಾರಿಸಿತು. ಅಪ್ಪ ತಲೆಸುತ್ತಿ ಗೋಡೆಗೊರಗಿ ಕುಳಿತಿದ್ದರು. ಕಾಕು ತಕ್ಷಣ ಡಾಕ್ಟರ ಬಳಿಗೆ ಕರೆದೊಯ್ದರು. ಮಾತ್ರೆ ಬದಲಾಯಿತು, ಅಲ್ಲಿಂದೀಚೆಗೆ ತಲೆಸುತ್ತು ಬಂದಿಲ್ಲ. ನಾನು ರಾಜೀನಾಮೆ ಕೊಡಲಿಲ್ಲ. ಅಂಥದೊಂದು ಪತ್ರವಿತ್ತೆಂಬುದು ಅಪ್ಪನಿಗೆ ಇಂದಿಗೂ ತಿಳಿಯದು.